ನಲವತ್ತೊಂದನೆಯ ವಿಚಿತ್ರ

ಆ ಪುಸ್ತಕದವನ ಮುಂದೆ ನಾನು ಬಾಯಿ ಬಿಡದಿದ್ದರೆ ನಮ್ಮೂರು ಇವತ್ತಿಗೂ ಯಾರಿಗೂ ಬೇಡದ ಊರಾಗಿ ನೆಮ್ಮದಿಯಿಂದ ಇರುತ್ತಿತ್ತು. ನಾಲಿಗೆಗೆ ಎಲುಬಿಲ್ಲ ಅನ್ನುತ್ತಾರೆ. ನನ್ನ ನಾಲಿಗೆಗೆ ನಾಚಿಕೆಯೂ ಇರಲಿಲ್ಲ. ನಾನು ಇನ್ನಾಸಪ್ಪ, ಬೆತ್ತದ ಕುರ್ಚಿ ಹೆಣೆಯುವವನು. ಎರಡು ಗುಡ್ಡಗಳ ಸಂದಿಯಲ್ಲಿ, ವರ್ಷಕ್ಕೆ ಆರು ತಿಂಗಳು ಹಿಮ ಬೀಳುವ, ವಾರಕ್ಕೆರಡು ಸಲ ಮಾತ್ರ ರೈಲು ಬಂದು ನಿಲ್ಲುವ ಊರು ನಮ್ಮದು. ಇಂಥ ಊರಿನಲ್ಲಿ ಕುರ್ಚಿ ಹೆಣೆಯುವವನಿಗೆ ಕೆಲಸಕ್ಕೆ ಬರವಿಲ್ಲ, ಯಾಕೆಂದರೆ ಇಲ್ಲಿ ಒಬ್ಬರ ಕುರ್ಚಿಯಲ್ಲಿ ಇನ್ನೊಬ್ಬರು ಕೂರುವುದಿಲ್ಲ.

ಮಗುವಿಗೆ ಐದು ತುಂಬಿದ ದಿನ ಅದಕ್ಕೆಂದೇ ಒಂದು ಪುಟ್ಟ ಕುರ್ಚಿ ಮಾಡಿಸುತ್ತಾರೆ. ಹದಿನೈದಕ್ಕೆ ದೊಡ್ಡದು. ಆಮೇಲೆ ಸಾಯುವವರೆಗೂ ಅದೇ. ಸತ್ತ ಮೂರನೆಯ ದಿನ ನೆಂಟರಿಷ್ಟರು, ನೆರೆಹೊರೆಯವರು ಬಂದು ಆ ಕುರ್ಚಿಯ ಮೇಲೆ ಒಬ್ಬೊಬ್ಬರಾಗಿ ಅಂಗೈ ಇಟ್ಟು, ‘ಬೆಚ್ಚಗಿದ್ದಾರೆ’ ಎಂದು ಹೇಳಿ ಹೋಗುತ್ತಾರೆ. ಕುರ್ಚಿ ಬೆಚ್ಚಗೇ ಇರುತ್ತದೆ. ಈಗಷ್ಟೇ ಎದ್ದು ಹೋದವರ ಜಾಗ ಹೇಗಿರುತ್ತದೋ ಹಾಗೆ, ಹತ್ತು ವರ್ಷವಾದರೂ, ನಲವತ್ತು ವರ್ಷವಾದರೂ. ಅವರನ್ನು ಕಂಡು ಬಲ್ಲವರಲ್ಲಿ ಕೊನೆಯವರು ಹೋದ ದಿನ ಆರುತ್ತದೆ, ಆಗ ಅದನ್ನು ಒಲೆಗೆ ಹಾಕುತ್ತೇವೆ. ಇದರಲ್ಲಿ ಅತಿಶಯ ಏನಿದೆ ಎಂದು ನಮಗೆ ಯಾರಿಗೂ ಅನ್ನಿಸಿರಲಿಲ್ಲ. ಅಜ್ಜನ ಕುರ್ಚಿಯ ಮೇಲೆ ಮಕ್ಕಳ ಒದ್ದೆ ಕಾಲುಚೀಲ ಒಣಗಿಸುತ್ತಿದ್ದೆವು. ಅತ್ತೆ ಬದುಕಿದ್ದಾಗ ಒಂದು ದಿನವೂ ಸೊಸೆಗೆ ನೆರವಾದವಳಲ್ಲ, ಸತ್ತ ಮೇಲಾದರೂ ಬಟ್ಟೆ ಒಣಗಿಸುತ್ತಾಳಲ್ಲ ಎಂದು ಹೆಂಗಸರು ನಗುತ್ತಿದ್ದರು.

ನಮ್ಮಕ್ಕ ಬಿಬಿಯಾನ ಕುರ್ಚಿಯ ಮೇಲೆ ಹಿಟ್ಟು ಇಡುತ್ತಿದ್ದಳು. ಗಂಡ ಬೇಗ ತೀರಿಕೊಂಡವಳು, ಇದ್ದೊಬ್ಬಳು ಮಗಳು ಸೆಲೆಸ್ತಿನಳನ್ನು ಒಂಬತ್ತು ವರ್ಷಕ್ಕೆ ಗಂಟಲುಬೇನೆಗೆ ಕೊಟ್ಟವಳು. ನಾನು ಮದುವೆಯಾಗಲಿಲ್ಲ, ಅಕ್ಕನ ಮನೆಯಲ್ಲೇ ಉಳಿದೆ. ಸೆಲೆಸ್ತಿನಳ ಕುರ್ಚಿ ನನ್ನ ಕೈಕೆಲಸವೇ. ಮೊಣಕಾಲೆತ್ತರದ್ದು, ಸೀಟಿನ ಕೆಳಗೆ ಒಂದು ಪುಟ್ಟ ಮರದ ಪೆಟ್ಟಿಗೆ, ಅದಕ್ಕೊಂದು ಮುಚ್ಚಳ. ಬೀದಿಯಲ್ಲಿ ಹೆಕ್ಕಿದ ಗುಂಡಿ, ಗಾಜಿನ ಚೂರು, ಎಲ್ಲ ಅದರೊಳಗೆ ತುಂಬಿಡುತ್ತಿದ್ದಳು ಕಳ್ಳಿ. ಬಲಗೈ ಹಿಡಿಯ ಮೇಲೆ ಅವಳ ಹಲ್ಲಿನ ಗುರುತು ಇತ್ತು. ಅವಳು ಹೋದ ಮೇಲೆ ದಿನಾ ಮಧ್ಯಾಹ್ನ ಅಕ್ಕ ರೊಟ್ಟಿಯ ಹಿಟ್ಟು ನಾದಿ, ಬೋಗುಣಿಗೆ ಹಾಕಿ, ಒದ್ದೆ ಬಟ್ಟೆ ಮುಚ್ಚಿ, ಅಡುಗೆಮನೆಯಲ್ಲಿ ಆ ಕುರ್ಚಿಯ ಮೇಲೆ ಇಡುತ್ತಿದ್ದಳು. ಸಂಜೆಗೆ ಹಿಟ್ಟು ಉಬ್ಬಿ ಬಟ್ಟೆಯನ್ನು ಎತ್ತಿರುತ್ತಿತ್ತು. ‘ನೋಡೋ, ನನ್ ಮಗಳು ಎಷ್ಟು ಕೆಲಸ ಮಾಡಿದಾಳೆ’ ಎಂದು ದಿನಾ ಹೇಳುತ್ತಿದ್ದಳು. ಪುಸ್ತಕದವನು ಬರುವ ಹೊತ್ತಿಗೆ ಮೂವತ್ತೆರಡು ವರ್ಷ, ಒಂದು ದಿನ ತಪ್ಪದೆ. ನಾನು ದಿನಾ ‘ಹೂಂ’ ಅನ್ನುತ್ತಿದ್ದೆ.

ಪುಸ್ತಕದವನು ಬಂದದ್ದು ಒಂದು ಬೇಸಿಗೆಯಲ್ಲಿ. ರೈಲು ಕೆಟ್ಟು ನಮ್ಮೂರಿನಲ್ಲಿ ಎರಡು ದಿನ ಸಿಕ್ಕಿಹಾಕಿಕೊಂಡ. ಕುತೂಹಲದ ಪ್ರವಾಸಿಗಳಿಗೆ ದೇಶದಲ್ಲಿರುವ ನೂರು ವಿಚಿತ್ರ ಜಾಗಗಳು ಎಂದು ಪುಸ್ತಕ ಬರೆಯುತ್ತಿದ್ದನಂತೆ. ತಲೆಬುರುಡೆಗಳಿಂದ ಕಟ್ಟಿದ ಪ್ರಾರ್ಥನಾಮಂದಿರ, ಮರಗಳೆಲ್ಲ ಒಂದೇ ಕಡೆಗೆ ಗೂನು ಬಿದ್ದ ಕಾಡು, ಚಾವಣಿ ಕೆಳಗೆ ಮಾಡಿ ತಲೆಕೆಳಗಾಗಿ ಕಟ್ಟಿದ ಮನೆ, ಎಲ್ಲ ನೋಡಿ ಬಂದಿದ್ದ. ನನ್ನ ಅಂಗಡಿಯ ಜಗಲಿಯಲ್ಲಿ ಕೂತು, ‘ನಿಮ್ಮೂರಲ್ಲಿ ಏನೂ ಇಲ್ವಾ ಯಜಮಾನ್ರೇ?’ ಎಂದು ಆಕಳಿಸಿದ. ಆ ಆಕಳಿಕೆ ನನಗೆ ನಾಟಿತು. ನಮ್ಮೂರೇನು ಆ ಗೂನು ಮರಕ್ಕಿಂತ ಕಡಿಮೆಯೇ? ‘ಬನ್ನಿ ಇವ್ರೇ’ ಎಂದು ಕೈ ಹಿಡಿದು ಕರೆದುಕೊಂಡು ಹೋಗಿ ಸೆಲೆಸ್ತಿನಳ ಕುರ್ಚಿಯ ಮೇಲೆ ಅವನ ಅಂಗೈ ಇಡಿಸಿದೆ. ಅವನ ಮುಖ ಬಿಳಿಚಿಕೊಂಡಿತು. ನನಗೋ ಹೆಮ್ಮೆ, ಹೇಳತೀರದು. ಅಕ್ಕ ಮಾತ್ರ, ‘ಕಂಡೋರ ಕೈ ಯಾಕೋ ಇಡಿಸ್ದೆ?’ ಎಂದು ಗೊಣಗಿದಳು.

ಪುಸ್ತಕದಲ್ಲಿ ನಮ್ಮೂರು ನಲವತ್ತೊಂದನೆಯ ವಿಚಿತ್ರ. ಮಾರನೆಯ ವರ್ಷ ರೈಲು ವಾರಕ್ಕೆ ಐದು ಸಲ ಬರತೊಡಗಿತು. ಪುರಸಭೆ ಅಧ್ಯಕ್ಷ ಅರುಳಪ್ಪನವರು ಮನೆಮನೆಗೂ ಸಂಖ್ಯೆಯ ಹಲಗೆ ಹೊಡೆಸಿದರು. ಹದಿಮೂರನೆಯ ಮನೆಯಲ್ಲಿ ಚರ್ಚಿನ ಗಂಟೆ ಬಾರಿಸುವ ಚೌರಪ್ಪನ ತಂದೆಯ ಕುರ್ಚಿ, ಇಪ್ಪತ್ತರಲ್ಲಿ ಸೂಲಗಿತ್ತಿಯ ಕುರ್ಚಿ, ಮೂವತ್ತೊಂದರಲ್ಲಿ ಸೆಲೆಸ್ತಿನಳದ್ದು. ಬಂದವರೆಲ್ಲ ಕೂರಬೇಕು. ಕೂತು ಫೋಟೋ ತೆಗೆಸಿಕೊಳ್ಳಬೇಕು, ‘ಅಯ್ಯಯ್ಯೋ ನಿಜವಾಗ್ಲೂ ಬಿಸಿ ಇದೆ’ ಎಂದು ಕಿರುಚಬೇಕು. ಅತಿಥಿಗಳಿಗೆ ಇಲ್ಲ ಅನ್ನುವ ಅಭ್ಯಾಸ ನಮಗಿರಲಿಲ್ಲ. ಮೊದಮೊದಲು ಕಾಫಿ, ರೊಟ್ಟಿ ಕೊಟ್ಟು ಕೂರಿಸಿದೆವು.

ಎರಡನೆಯ ಚಳಿಗಾಲದಲ್ಲಿ ಒಂದು ಬೆಳಗ್ಗೆ ಚೌರಪ್ಪ ಗಂಟೆ ಬಾರಿಸಲಿಲ್ಲ. ಏನಾಯಿತೋ ಎಂದು ಹೋಗಿ ನೋಡಿದರೆ ಅಪ್ಪನ ಕುರ್ಚಿಯ ಮುಂದೆ ಮಂಡಿಯೂರಿ ಕೂತಿದ್ದ, ಐವತ್ತು ವರ್ಷದ ಗಂಡಸು.

‘ಇನ್ನಾಸಪ್ಪಣ್ಣ, ನಮ್ಮಪ್ಪ ಆರೋಗಿದಾರೆ.’

ನಾನು ಕೈ ಇಟ್ಟು ನೋಡಿದೆ. ಬೆತ್ತ ಬರೀ ಬೆತ್ತವಾಗಿತ್ತು. ಮಗ ಇನ್ನೂ ಬದುಕಿರುವಾಗ ಅಪ್ಪನ ಕುರ್ಚಿ ಆರಿದ್ದು ನಮ್ಮೂರಲ್ಲಿ ಅದೇ ಮೊದಲು. ವಾರದೊಳಗೆ ಇನ್ನೂ ನಾಲ್ಕು ಆರಿದವು. ಆಗ ನಮಗೆ ಗೊತ್ತಾಯಿತು. ಬಲ್ಲವರು ಎಷ್ಟು ಸಲ ಮುಟ್ಟಿದರೂ ಕುರ್ಚಿ ಆರುವುದಿಲ್ಲ, ಗುರುತಿಲ್ಲದವರು ಕೂತರೆ ಒಬ್ಬೊಬ್ಬರೂ ಒಂದಿಷ್ಟು ಕೊಂಡುಹೋಗುತ್ತಾರೆ. ಮೊದಲೆಲ್ಲ ಗುರುತಿಲ್ಲದವರು ಊರಿಗೆ ಬರುತ್ತಲೇ ಇರಲಿಲ್ಲವಲ್ಲ, ಗೊತ್ತಾಗುವುದಾದರೂ ಹೇಗೆ?

ಜನ ಪುರಸಭೆಗೆ ನುಗ್ಗಿದರು. ಅರುಳಪ್ಪನವರು ಕೆಟ್ಟವರಲ್ಲ, ಆದರೆ ಒಮ್ಮೆ ಊರಿಗೆ ಹೆಸರು ಬಂದಮೇಲೆ ಬಿಡುವ ಪೈಕಿಯಲ್ಲ. ಬೇಡ ಎಂದು ಹೇಳಿ ಬಾಗಿಲು ಹಾಕಿದರೆ ಮುಗಿಯುತ್ತಿತ್ತು. ಆಗಲೂ ನಾನೇ ಬುದ್ಧಿವಂತಿಕೆ ತೋರಿಸಿದೆ. ‘ಅಸಲಿ ಕುರ್ಚಿನ ಒಳಗಿಟ್ಕೊಳ್ಳಿ. ಅದರ ಥರಾನೇ ಇನ್ನೊಂದು ನಾನು ಮಾಡ್ಕೊಡ್ತೀನಿ. ಸೀಟಿನ ಕೆಳಗೆ ತಗಡಿನ ಡಬ್ಬಿ ಮುಚ್ಚಿಡೋಣ, ಅದರಲ್ಲಿ ಕಾದ ಇಟ್ಟಿಗೆ. ಜನ ದೂರದಿಂದ ಬರ್ತಾರಪ್ಪ, ನಿರಾಸೆ ಮಾಡೋಕಾಗುತ್ತಾ?’ ಎಲ್ಲರೂ ಭೇಷ್ ಅಂದರು. ಆ ಚಳಿಗಾಲವಿಡೀ ಕೂತು ಇಪ್ಪತ್ತಾರು ನಕಲಿ ಕುರ್ಚಿ ಹೆಣೆದೆ. ಬೆಳಗ್ಗೆ ಒಲೆಯಿಂದ ಇಟ್ಟಿಗೆ ತೆಗೆದು ಡಬ್ಬಿಗೆ ಹಾಕುವುದು, ಮಧ್ಯಾಹ್ನ ಬದಲಾಯಿಸುವುದು, ಹೆಂಗಸರಿಗೆ ಅದೂ ಒಂದು ಮನೆಗೆಲಸವಾಯಿತು. ಬಂದವರು ಇಟ್ಟಿಗೆಯ ಮೇಲೆ ಕೂತು ಕಣ್ಣೀರು ಹಾಕಿ ಹೋಗುತ್ತಿದ್ದರು.

ಸೆಲೆಸ್ತಿನಳ ಕುರ್ಚಿಯ ನಕಲನ್ನು ಎಲ್ಲಕ್ಕಿಂತ ಅಚ್ಚುಕಟ್ಟಾಗಿ ಮಾಡಿದೆ. ಅದರಲ್ಲಿ ಪೆಟ್ಟಿಗೆ ಹೇಗೂ ಇತ್ತು, ಇಟ್ಟಿಗೆ ಅದರೊಳಗೇ ಕೂತಿತು. ಬಣ್ಣ ಮಾಸಿದ್ದು, ಎಡಗಾಲಿನ ಸೀಳು, ಒಂದನ್ನೂ ಬಿಡಲಿಲ್ಲ. ಹಲ್ಲಿನ ಗುರುತನ್ನೂ ಉಳಿಯಿಂದ ಕೆತ್ತಿದೆ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಅಕ್ಕನೇ ಗುರುತು ಹಿಡಿಯಲಾರದೆ ನಿಂತಳು. ಆಮೇಲೆ ಒಂದರ ಮೇಲೆ ಕೈ ಇಟ್ಟು, ‘ಇದು ನಂದು’ ಅಂದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಲೆಕ್ಕ ಸುಲಭ. ಹಾಲಿನಲ್ಲಿರುವುದು ಇಟ್ಟಿಗೆಯದು, ಅಡುಗೆಮನೆಯಲ್ಲಿ ಹಿಟ್ಟು ಹೊತ್ತಿರುವುದು ಸೆಲೆಸ್ತಿನಳದು.

ಮೂರನೆಯ ವರ್ಷ ರಾಜಧಾನಿಯಲ್ಲಿ ನೂರು ವಿಚಿತ್ರಗಳ ಪ್ರದರ್ಶನ ಏರ್ಪಟ್ಟಿತು. ತಲೆಬುರುಡೆ ಮಂದಿರದಿಂದ ಒಂದು ಬುರುಡೆ, ಗೂನು ಕಾಡಿನಿಂದ ಒಂದು ಮರ, ನಮ್ಮೂರಿನಿಂದ ಒಂದು ಕುರ್ಚಿ. ಮಗುವಿನದೇ ಬೇಕಂತೆ, ಜನಕ್ಕೆ ಹೆಚ್ಚು ತಾಗುತ್ತದಂತೆ. ಅರುಳಪ್ಪನವರು ಟೋಪಿ ಕೈಯಲ್ಲಿ ಹಿಡಿದುಕೊಂಡು ಅಕ್ಕನನ್ನು ಕೇಳಲು ಬಂದರು. ಅಕ್ಕ ಪೊರಕೆ ತೆಗೆದುಕೊಂಡಳು. ನಾನೇ ಅವಳನ್ನು ಒಳಗೆ ಕರೆದು ಸಮಾಧಾನ ಮಾಡಿದೆ.

‘ಅಕ್ಕ, ಇಟ್ಟಿಗೆದು ಕೊಟ್ಟುಬಿಡೋಣ. ಆ ಪೀಡೆ ತೊಲಗಿದ್ರೆ ನಮ್ಮನೆಗೆ ಇನ್ನು ಯಾರೂ ಬರಲ್ಲ. ಕುರ್ಚಿ ರಾಜಧಾನಿಗೆ ಹೋಯ್ತು ಅಂತ ಹಲಗೆ ಕೀಳ್ತಾರೆ. ನೀನೂ ಸೆಲೆಸ್ತಿನಳೂ ನಿಮ್ಮ ಪಾಡಿಗೆ ಇರಬಹುದು.’

‘ಅಲ್ಲಿ ಇಟ್ಟಿಗೆ ಯಾರು ಕಾಯಿಸ್ತಾರೋ?’

‘ತಣ್ಣಗಾಯ್ತು ಅಂತಾರೆ, ಅಷ್ಟೇ. ನಮಗೇನು?’

ಅವಳು ಪೊರಕೆ ಮೂಲೆಗಿಟ್ಟು ಒಪ್ಪಿಕೊಂಡಳು. ಸೋಮವಾರ ಬಂದು ಒಯ್ಯುತ್ತೇವೆ ಎಂದು ಹೇಳಿ ಅರುಳಪ್ಪನವರು ಹೋದರು.

ಶನಿವಾರ ಬೆಳಗಿನ ರೈಲಿಗೆ ಬಂದವರ ಗುಂಪಿನಲ್ಲಿ ಒಬ್ಬ ಹೆಂಗಸಿದ್ದಳು. ಇದೆಲ್ಲ ಅಕ್ಕ ಆಮೇಲೆ ಹೇಳಿದ್ದು, ನಾನು ಆಗ ಎದುರುಗಡೆಯ ಅಂಗಡಿಯಲ್ಲಿ ಬೆತ್ತ ನೆನೆಸುತ್ತಿದ್ದೆ. ಎಲ್ಲರೂ ಕೂತು, ಕಿರುಚಿ, ಫೋಟೋ ತೆಗೆಸಿಕೊಂಡು ಮುಂದಿನ ಮನೆಗೆ ಹೋದರು. ಅವಳು ಹೋಗಲಿಲ್ಲ. ಕುರ್ಚಿಯ ಮೇಲೆ ಕೈ ಇಟ್ಟು, ಅಕ್ಕನ ಮುಖ ನೋಡಿ, ಮೆಲ್ಲಗೆ, ‘ಇದು ಇಟ್ಟಿಗೆ ಅಲ್ವಾ ಅಮ್ಮಾ?’ ಅಂದಳಂತೆ. ಅವಳು ಬೈಯಲಿಲ್ಲ, ಕೂಗಾಡಲಿಲ್ಲ. ‘ನಂಗೂ ಒಬ್ಳಿದ್ಲು. ಏಳು ವರ್ಷ. ನಮ್ಮ ಕಡೆ ಏನೂ ಬೆಚ್ಚಗೆ ಉಳಿಯಲ್ಲ. ಎರಡು ದಿನ ರೈಲಲ್ಲಿ ಕೂತು ಬಂದೆ’ ಅಂದಳಂತೆ.

ನಮ್ಮಕ್ಕ ಏನು ಮಾಡಿದಳು ಗೊತ್ತೇ? ಪೊರಕೆ ಹಿಡಿದು ಅಧ್ಯಕ್ಷರನ್ನು ಅಟ್ಟಲು ಹೊರಟವಳು, ಅಡುಗೆಮನೆಗೆ ಹೋಗಿ ಸೆಲೆಸ್ತಿನಳ ಕುರ್ಚಿಯನ್ನು ಎತ್ತಿಕೊಂಡು ಬಂದು ಹಾಲಿನಲ್ಲಿಟ್ಟಳು. ನಕಲಿಯನ್ನು ಅಡುಗೆಮನೆಗೆ ಒಯ್ದು, ಇಟ್ಟಿಗೆ ಬದಲಾಯಿಸಿ, ಹಿಟ್ಟಿಗೆ ಹೊತ್ತಾಯಿತೆಂದು ಬೋಗುಣಿಯನ್ನು ಅದರ ಮೇಲೇ ಇಟ್ಟಳು. ಆ ಹೆಂಗಸು ಕುರ್ಚಿಯಲ್ಲಿ ಕೂರಲಿಲ್ಲವಂತೆ. ನೆಲದ ಮೇಲೆ ಕೂತು ಸೀಟಿಗೆ ಕೆನ್ನೆ ಆನಿಸಿಕೊಂಡು ಒಂದು ಗಂಟೆ ಹಾಗೇ ಇದ್ದಳಂತೆ. ಎದ್ದಾಗ ಬೆತ್ತದ ಹೆಣಿಗೆ ಅವಳ ಕೆನ್ನೆಯ ಮೇಲೆ ಅಚ್ಚೊತ್ತಿತ್ತಂತೆ. ಆಮೇಲೆ ಇಬ್ಬರೂ ಸೇರಿ ಎರಡು ಮಕ್ಕಳ ಹೆಸರಿನಲ್ಲಿ ಮೇಣದಬತ್ತಿ ಹಚ್ಚಲು ಚರ್ಚಿಗೆ ಹೋದರು. ಬಂದು ಕುರ್ಚಿ ಬದಲಾಯಿಸಿದರಾಯಿತು ಎಂದುಕೊಂಡಳು ಅಕ್ಕ. ಸೋಮವಾರಕ್ಕೆ ಇನ್ನೂ ಎರಡು ದಿನವಿತ್ತಲ್ಲ.

ಅವರು ಅತ್ತ ಹೋದರು, ಅರುಳಪ್ಪನವರು ಇಬ್ಬರು ಆಳುಗಳ ಜೊತೆ ಇತ್ತ ಬಂದರು. ‘ನಾಳೆಯಿಂದ ಭಾರಿ ಹಿಮವಂತೆ ಇನ್ನಾಸಪ್ಪ, ರೈಲು ನಿಲ್ಲುತ್ತೆ. ಇವತ್ತಿನ ರೈಲಿಗೇ ಕಳಿಸ್ಬೇಕು. ಇನ್ನು ಅರ್ಧ ಗಂಟೆ ಇದೆ.’

ನಾನು ಅಂಗಡಿಯಿಂದ ಓಡಿಬಂದೆ. ಅಕ್ಕ ಇಲ್ಲ. ಒಳ್ಳೆಯದೇ ಆಯಿತು, ಅವಳ ಕಣ್ಣೆದುರು ಒಯ್ಯುವುದು ಬೇಡ ಎಂದುಕೊಂಡೆ. ಆದರೂ ನಾನೇನು ಅಷ್ಟು ದಡ್ಡನಲ್ಲ. ಮೊದಲು ಅಡುಗೆಮನೆಗೆ ಹೋಗಿ ಇಣುಕಿದೆ. ಪುಟ್ಟ ಕುರ್ಚಿ, ಅದರ ಮೇಲೆ ಬೋಗುಣಿ, ಬೋಗುಣಿಯ ಮೇಲೆ ಒದ್ದೆ ಬಟ್ಟೆ. ಮೂವತ್ತೈದು ವರ್ಷ ದಿನಾ ಕಂಡದ್ದೇ. ಹಿಟ್ಟು ಸೆಲೆಸ್ತಿನಳನ್ನು ಬಿಟ್ಟು ಇನ್ನೊಂದರ ಮೇಲೆ ಕೂತದ್ದುಂಟೇ? ನಿಶ್ಚಿಂತೆಯಿಂದ ಹಾಲಿಗೆ ಬಂದು ಅಲ್ಲಿದ್ದುದನ್ನು ಎತ್ತಿದೆ. ಹಗುರವಾಗಿತ್ತು. ಜನ ಹೋದ ಮೇಲೆ ಅಕ್ಕ ಇಟ್ಟಿಗೆ ತೆಗೆದಿದ್ದಾಳೆ, ಸೀಟು ಇನ್ನೂ ಆರಿಲ್ಲ ಎಂದುಕೊಂಡೆ. ಅರುಳಪ್ಪನವರ ಕೈ ಹಿಡಿದು ಸೀಟಿನ ಮೇಲೆ ಇಡಿಸಿ, ‘ನೋಡಿ ಸ್ವಾಮಿ, ಎಷ್ಟು ಬೆಚ್ಚಗಿದೆ. ಜೋಪಾನ’ ಎಂದು ನಾಟಕವನ್ನೂ ಆಡಿದೆ. ನಾನೇ ಹಳೇ ಕಂಬಳಿ ಸುತ್ತಿದೆ. ನಾನೇ ಹಗ್ಗ ಬಿಗಿದೆ. ನನ್ನ ಕೈ ಸೇದಿಹೋಗಬಾರದಿತ್ತೇ!

ರೈಲು ಕೂಗಿ ಹೊರಟು ಸ್ವಲ್ಪ ಹೊತ್ತಿಗೆ ಅಕ್ಕ ಬಂದಳು. ಆ ಹೆಂಗಸನ್ನು ಅದೇ ರೈಲಿಗೆ ಹತ್ತಿಸಿ ಬಂದಿದ್ದಳು. ಮುಖ ಅರಳಿತ್ತು, ಅವಳನ್ನು ಹಾಗೆ ಕಂಡು ವರ್ಷಗಳಾಗಿದ್ದವು. ನಾನು ಹಾಲಿನಲ್ಲೇ ಕೂತು ಜಂಬದಿಂದ ಹೇಳಿದೆ, ‘ಹೋಯ್ತು ಅಕ್ಕ, ಪೀಡೆ ತೊಲಗ್ತು. ಅರುಳಪ್ಪ ಇವತ್ತೇ ಬಂದು ತಗೊಂಡು ಹೋದ.’

ಅವಳು ಹಾಲಿನ ಖಾಲಿ ಜಾಗ ನೋಡಿದಳು. ಅಡುಗೆಮನೆಗೆ ಹೋದಳು. ಬೋಗುಣಿ ಕೆಳಗಿಟ್ಟ ಸದ್ದು ಕೇಳಿಸಿತು, ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಪೆಟ್ಟಿಗೆಯಲ್ಲಿ ಇಟ್ಟಿಗೆ ಇಲ್ಲದಿರಲಿ ಎಂದು ಅವಳು ದೇವರನ್ನು ಬೇಡಿಕೊಂಡಿರಬೇಕು, ತಾನೇ ಇಟ್ಟದ್ದಾದರೂ. ನಾನು ಎದ್ದು ಹೋದೆ. ಎರಡು ಕೈಯಲ್ಲಿ ಇಟ್ಟಿಗೆ ಹಿಡಿದುಕೊಂಡು ನಿಂತಿದ್ದಳು.

‘ಇನ್ನಾಸಿ, ಹಾಲಲ್ಲಿದ್ದದ್ದು ನನ್ ಮಗಳು ಕಣೋ.’

ಆಮೇಲೆ ನಡೆದದ್ದನ್ನೆಲ್ಲ ಹೇಳಿದಳು, ಒಂದು ಸಲವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹಿಮ ಹಳಿ ಬಿಡಲು ಎರಡು ತಿಂಗಳು ಬೇಕಾಯಿತು. ಮೊದಲ ರೈಲಿಗೇ ನಾನು ರಾಜಧಾನಿಗೆ ಹೋದೆ. ಪ್ರದರ್ಶನದ ಕಟ್ಟಡದ ಮುಂದೆ ಬೀದಿಯ ತಿರುವಿನವರೆಗೂ ಸಾಲು. ನಾನೂ ಸಾಲಿನಲ್ಲಿ ನಿಂತೆ. ಬುರುಡೆಯ ಮುಂದೆ ಇಬ್ಬರಿದ್ದರು, ಗೂನು ಮರದ ಮುಂದೆ ಯಾರೂ ಇಲ್ಲ, ಸಾಲೆಲ್ಲ ನಮ್ಮ ಸೆಲೆಸ್ತಿನಳ ಮುಂದೆ. ದಪ್ಪ ಗಂಡಸರು, ಮಕ್ಕಳು, ಹೊಸ ಜೋಡಿಗಳು, ಒಬ್ಬರಾದ ಮೇಲೊಬ್ಬರು ಮಂಡಿ ಮಡಚಿಕೊಂಡು ಆ ಪುಟ್ಟ ಸೀಟಿನಲ್ಲಿ ತುರುಕಿಕೊಂಡು ಕೂರುತ್ತಿದ್ದರು. ಎರಡು ತಿಂಗಳಿಂದ ಹೀಗೇ. ನನ್ನ ಸರದಿ ಬಂತು. ನಾನು ಕೂರಲಿಲ್ಲ, ಅಂಗೈ ಇಟ್ಟೆ. ಬಿಸಿ ಇತ್ತು. ನನ್ನ ಜೀವ ಬಂದಂತಾಯಿತು. ಆಮೇಲೆ, ಕಸುಬಿನವನ ಕೈ ನೋಡಿ, ತಾನಾಗಿಯೇ ಸೀಟಿನ ಕೆಳಗೆ ಹೋಯಿತು. ಪೆಟ್ಟಿಗೆಯಿಂದ ಒಂದು ವಿದ್ಯುತ್ ತಂತಿ ಹೊರಬಂದು ನೆಲಹಾಸಿನ ಅಡಿ ಸೇರಿತ್ತು.

ಅಲ್ಲಿಯ ಅಧಿಕಾರಿ ಸಜ್ಜನ. ಕೂರಿಸಿ ಚಹಾ ಕೊಟ್ಟ. ‘ಮೊದಲ ಹದಿನೈದು ದಿನ ತಾನಾಗೇ ಬಿಸಿ ಇತ್ತು ಯಜಮಾನ್ರೇ, ನಾವೇ ಬೆರಗಾದ್ವಿ. ಆಮೇಲೆ ಆರಿಹೋಯ್ತು. ಜನ ದೂರದಿಂದ ಬರ್ತಾರಲ್ಲ, ನಿರಾಸೆ ಮಾಡೋಕಾಗುತ್ತಾ?’

ನನ್ನ ಮಾತನ್ನೇ ನನ್ನ ಮುಖಕ್ಕೆ ಎಸೆದ ಹಾಗಾಯಿತು. ಮನೆಯಲ್ಲಿ ಇದರ ನಕಲಿದೆ, ಅದನ್ನು ತಂದುಕೊಟ್ಟರೆ ಇದನ್ನು ಕೊಡುತ್ತೀರಾ ಎಂದು ಕೇಳಿದೆ. ‘ಧಾರಾಳವಾಗಿ ಒಯ್ಯಿರಿ. ನಮಗೆ ಯಾವುದಾದ್ರೇನು?’ ಅಂದ. ಅಷ್ಟು ಸುಲಭ. ಆದರೆ ನಾನು ಒಯ್ಯಲಿಲ್ಲ. ತಣ್ಣಗಾದ ಕುರ್ಚಿಯನ್ನು ಅಕ್ಕನ ಮುಂದೆ ಹೇಗೆ ಇಡಲಿ? ಅಲ್ಲೇ ಇದ್ದರೆ ಬೆಚ್ಚಗಿದ್ದಾಳೆ ಎಂದಾದರೂ ಅಂದುಕೊಂಡಿರುತ್ತಾಳೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದೆ.

ಅಕ್ಕ ನಿಲ್ದಾಣಕ್ಕೇ ಬಂದಿದ್ದಳು. ನನ್ನ ಖಾಲಿ ಕೈ ನೋಡಿದಳು.

‘ಕೊಡಲ್ಲ ಅಂದ್ರು ಅಕ್ಕ. ಆದ್ರೆ ಚೆನ್ನಾಗಿ ನೋಡ್ಕೊಂಡಿದಾರೆ. ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದಾರೆ. ಯಾರೂ ಮುಟ್ಟೋ ಹಾಗಿಲ್ಲ, ಕೂರೋ ಹಾಗಿಲ್ಲ.’

‘ಬೆಚ್ಚಗಿದಾಳಾ?’

‘ಹೂಂ ಅಕ್ಕ. ಹಂಗೇ ಇದಾಳೆ.’

ಅವಳು ನಾಲ್ಕು ಹೆಜ್ಜೆ ನಡೆದು ನಿಂತಳು. ‘ಗಾಜಿನೊಳಗೆ ಇದ್ರೆ ಬೆಚ್ಚಗಿದಾಳೆ ಅಂತ ನಿಂಗೆ ಹೆಂಗೋ ಗೊತ್ತಾಯ್ತು?’

ಇಷ್ಟು ವರ್ಷ ಬೇಡದಿದ್ದಾಗೆಲ್ಲ ಆಡಿದ ನಾಲಿಗೆ ಅವತ್ತು ಬೇಕಾದಾಗ ಅಂಗುಳಕ್ಕೆ ಅಂಟಿಕೊಂಡಿತು. ಅಕ್ಕ ಇನ್ನೊಂದು ಮಾತು ಕೇಳದೆ ನನ್ನ ತೋಳು ಹಿಡಿದುಕೊಂಡಳು, ದಾರಿ ಜಾರುತ್ತಿತ್ತು.

ಮನೆಗೆ ಬಂದು ಅವಳು ತನ್ನ ಕುರ್ಚಿಯನ್ನು, ಹದಿನೈದಕ್ಕೆ ನಮ್ಮಪ್ಪ ಮಾಡಿಕೊಟ್ಟದ್ದನ್ನು, ಕೊಡಲಿಯಿಂದ ಒಡೆದು ಒಲೆಗೆ ಹಾಕಿದಳು. ನಾನು ತಡೆಯಲು ಹೋಗಲಿಲ್ಲ. ಅವತ್ತಿನಿಂದ ಅವಳು ಒಲೆಯ ಪಕ್ಕದಲ್ಲಿ ಕಲ್ಲುಹಾಸಿನ ಮೇಲೇ ಕೂತಳು. ಊಟಕ್ಕೂ ಅಲ್ಲೇ, ಹಿಟ್ಟು ನಾದಲೂ ಅಲ್ಲೇ. ‘ಥಂಡಿ ಹಿಡಿಯುತ್ತೆ ಅಕ್ಕ, ಒಂದು ಮಣೆಯಾದ್ರೂ ಹಾಕ್ಕೋ’ ಎಂದು ಎಷ್ಟೋ ಸಲ ಬೇಡಿಕೊಂಡೆ. ‘ಮಣೆ ಬೆಚ್ಚಗೆ ಉಳಿದ್ರೆ ಅದನ್ನೂ ಕಂಡೋರಿಗೆ ತೋರಿಸ್ತೀಯ’ ಅಂದಳು. ಬೈದು ಹೇಳಿದ್ದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು. ಮೂರು ಚಳಿಗಾಲ ಆ ಕಲ್ಲಿನ ಮೇಲೆ ಕಳೆದಳು. ಮೂರನೆಯದರಲ್ಲಿ ಎದೆಗೆ ಥಂಡಿ ಇಳಿಯಿತು.

ಅಕ್ಕ ತೀರಿಕೊಂಡ ಮೂರನೆಯ ದಿನ ಊರವರು ಬಂದರು. ಚೌರಪ್ಪ ಎಲ್ಲರಿಗಿಂತ ಮುಂದಿದ್ದ. ಬಾಗಿಲಲ್ಲಿ ಬೂಟು ಬಿಚ್ಚಿ, ಕೈ ಒರೆಸಿಕೊಂಡು ಒಳಗೆ ಬಂದು ಸುತ್ತ ನೋಡಿದ.

‘ಬಿಬಿಯಾನಕ್ಕನ ಕುರ್ಚಿ ಎಲ್ಲಿ?’

ನಾನು ಒಲೆಯ ಪಕ್ಕದ ಕಲ್ಲು ತೋರಿಸಿದೆ. ಅವನು ಮೆಲ್ಲಗೆ ಮಂಡಿಯೂರಿ, ಅದರ ಮೇಲೆ ಅಂಗೈ ಇಟ್ಟ. ಹೇಳಬೇಕಾದ ಮಾತು ಹೇಳಲು ಬಾಯಿ ತೆರೆದು ಮುಚ್ಚಿಕೊಂಡ. ಅವನ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಅರುಳಪ್ಪನವರೂ ಬಗ್ಗಲಾರದೆ ಬಗ್ಗಿ ಕೈ ಇಟ್ಟರು. ಯಾರೂ ‘ಬೆಚ್ಚಗಿದ್ದಾರೆ’ ಅನ್ನಲಿಲ್ಲ. ಎಲ್ಲರೂ ಹೋದ ಮೇಲೆ ನಾನು ಕೂತು ಎರಡೂ ಕೈ ಊರಿದೆ, ಸಂಜೆಯವರೆಗೂ ತೆಗೆಯಲಿಲ್ಲ. ಕಲ್ಲು ತಣ್ಣಗಿತ್ತು.